ಒಳಗಿದ್ದದ್ದು ಬಾಳೆಹಣ್ಣು

ಚಾಕಲೇಟಿಗೆ ನೀರು ತಾಗಬಾರದು. ಒಂದು ಹನಿ ಬಿದ್ದರೆ ಸಾಕು, ಕರಗಿ ಎಣ್ಣೆಯ ಹಾಗೆ ಇಳಿಯುತ್ತಿದ್ದದ್ದು ಅಲ್ಲೇ ಬಿಗಿದುಕೊಂಡು, ಎರೆಹೊಲದ ಹೆಂಟೆಯ ಹಾಗೆ ಸೌಟಿಗೆ ಅಂಟಿ ಕೂರುತ್ತದೆ. ಆಮೇಲೆ ಏನು ಮಾಡಿದರೂ ಮಾತು ಕೇಳುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ನಾನು ಕಂಡದ್ದು ಬೆಲ್ಲದ ಪಾಕ. ಬೆಲ್ಲ ಗಟ್ಟಿಯಾದರೆ ನೀರು ಚಿಮುಕಿಸುತ್ತೇವೆ. ಪಾಕ ಬಂತೋ ಇಲ್ಲವೋ ಅಂತ ನೋಡುವುದಕ್ಕೂ ನೀರಿಗೇ ಬಿಡುತ್ತೇವೆ. ಹಾಗೇ ಇದೂ ಅಂದುಕೊಂಡು ಚೊಂಬಿಗೆ ಕೈ ಅದ್ದಿ ಚಿಮುಕಿಸಿಬಿಟ್ಟೆ.

ಮನೆಯಮ್ಮ ಬಂದು ನೋಡಿದರು.

"ಅಯ್ಯೋ, ಕೊಂದ್ಯಲ್ಲೇ!"

"ಏನ್ ಸತ್ತೋತ್ರೀ ಅಮ್ಮಾರೆ?"

"ಇದೇ. ನಮ್ಮಣ್ಣ ಬೆಂಗಳೂರಿಂದ ಎದೆಗವಚಿಕೊಂಡು ತಂದಿದ್ದು."

ಬೈದರು, ಆಮೇಲೆ ನಕ್ಕರು. ಬಿಸಾಡುವುದು ಬೇಡ ಅಂತ ಅದಕ್ಕೆ ಹಾಲು ಸುರಿದು ಕುದಿಸಿ ಇಬ್ಬರೂ ಒಂದೊಂದು ಲೋಟ ಕುಡಿದೆವು. ಅವರು ಕಾಲುವೆ ಇಂಜಿನಿಯರ ಹೆಂಡತಿ, ಮೈಸೂರು ಕಡೆಯವರು. ಶಿಕಾರಿಪುರದಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನಾನು ಅವರ ಮನೆಯಲ್ಲಿ ಮುಸುರೆ ತಿಕ್ಕಿ, ಕಸ ಹೊಡೆದು, ರೊಟ್ಟಿ ತಟ್ಟಿ ಕೊಡುತ್ತಿದ್ದೆ. ನಯಾಪೈಸೆ ಬಂದ ಹೊಸತು ಅದು. ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದ. ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ನನಗೆ ಒಬ್ಬಳೇ ಅಕ್ಕ. ಅವಳನ್ನು ಸೊರಬಕ್ಕೆ ಕೊಟ್ಟಿತ್ತು.

ಚಾಕಲೇಟು ಹಣ್ಣು ಮಾಡುವುದನ್ನು ಮನೆಯಮ್ಮ ನನಗೆ ಸರಿಯಾಗಿ ಕಲಿಸಿದರು. ಬೆಲ್ಲದ ಅಚ್ಚಿನ ಹಾಗಿರುವ ಚಾಕಲೇಟನ್ನು ಈಳಿಗೆಯಲ್ಲಿ ಕೆರೆದು ಪುಡಿ ಮಾಡಬೇಕು. ಒಲೆ ಮೇಲೆ ಬಿಸಿನೀರಿನ ಪಾತ್ರೆ, ಅದರ ಬಾಯಿಗೆ ಕೂರುವ ಹಾಗೆ ಒಂದು ಬೋಗುಣಿ. ಬೋಗುಣಿಯ ತಳ ನೀರಿಗೆ ಮುಟ್ಟಬಾರದು, ಹಬೆಯಲ್ಲೇ ಕರಗಬೇಕು. ಕೆಂಡ ಹಿಂದಕ್ಕೆಳೆದು ಒಂದು ಚಮಚ ತುಪ್ಪ ಬಿಡಬೇಕು. ಹಣ್ಣು ಒಣಗಿರಬೇಕು. ಯಾಲಕ್ಕಿ ಬಾಳೆಹಣ್ಣನ್ನು ಸುಲಿದು, ಉದ್ದಕ್ಕೆ ಸೀಳಿ, ಬಿಸಿಲಲ್ಲಿ ಮೇಲುಮೇಲೆ ಬಾಡಿಸಿದರೆ ನೀರು ಬಿಡುವುದಿಲ್ಲ. ಅದನ್ನು ಹೊಸ ತೆಂಗಿನ ಕಡ್ಡಿಗೆ ಚುಚ್ಚಿ, ಅದ್ದಿ, ತೊಟ್ಟಿಕ್ಕುವುದು ನಿಂತ ಮೇಲೆ ತುಪ್ಪ ಸವರಿದ ಬಾಳೆ ಎಲೆಯ ಮೇಲೆ ಇಡುವುದು. ಬಾಳೆ ಎಲೆ ನನ್ನ ಉಪಾಯ. ಅವರು ಕಾಗದದ ಮೇಲೆ ಇಡುತ್ತಿದ್ದರು, ಅದು ಹಿಡಿದುಕೊಂಡು ಹರಿದು ಬರುತ್ತಿತ್ತು. ಎಲೆಯ ಮೇಲೆ ಆರಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ತಿರುಗಿಸಿ ನೋಡಿದರೆ ಎಲೆಯ ಗೀರುಗಳೆಲ್ಲ ಮೂಡಿರುತ್ತಿದ್ದವು.

ಆ ವರ್ಷ ಪಂಚಮಿಗೆ ಅಕ್ಕ ತವರಿಗೆ ಬಂದಳು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರಲೇಬೇಕು. ಅವಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಮೈ ಇಳಿದಿತ್ತು. ಜೋಕಾಲಿ ಕಟ್ಟಿದರೆ ಹತ್ತಲಿಲ್ಲ. ಉಂಡಿ ಕೊಟ್ಟರೆ ಮುರಿದು ಅರ್ಧ ಇಟ್ಟಳು. ನಾನು ಮನೆಯಮ್ಮನವರ ಹತ್ತಿರ ಎರಡು ಚಾಕಲೇಟು ಹಣ್ಣು ಕೇಳಿಕೊಂಡು ಸೆರಗಿನಲ್ಲಿ ಕಟ್ಟಿ ತಂದೆ.

"ಏನೇ ಇದು, ಸಗಣಿ ಮೆತ್ತಿದಂಗೈತಿ," ಅಂದಳು ಅಕ್ಕ.

"ತಿನ್ನು, ಸಾಯಲ್ಲ."

ತಿಂದಳು. ಕಣ್ಣು ಮುಚ್ಚಿದಳು. ಇನ್ನೊಂದನ್ನೂ ಕಿತ್ತುಕೊಂಡಳು. ಕಡ್ಡಿಯನ್ನೂ ನೆಕ್ಕಿದಳು. ಅವ್ವ ಬಾಗಿಲಲ್ಲಿ ನಿಂತು, "ಅದನ್ನೂ ನುಂಗಿಬಿಡು, ಯಾಕ ಉಳಸ್ತಿ," ಅಂದಳು. ಆ ಹಬ್ಬದಲ್ಲಿ ಅಕ್ಕ ನಕ್ಕದ್ದು ಅದೊಂದು ಸಲ.

ಹಿಂದಿರುಗುವ ಹಿಂದಿನ ದಿನ ಹಿತ್ತಲಲ್ಲಿ ನನ್ನ ತಲೆ ಬಾಚುತ್ತಾ ಹೇಳಿದಳು: "ಈ ಸಲ ನಿಂತ್ರೂ ಹೋತು ಅಂದ್ರ ಇನ್ನೊಬ್ಬಾಕೀನ ತರ್ತಾರಂತ. ಹೊನ್ನಾಳಿ ಕಡೆ ಹುಡುಗಿ ನೋಡಿ ಇಟ್ಟಾರ."

"ಭಾವ ಏನಂತಾನ?"

"ಆತ ಏನಂತಾನ. ಅವರವ್ವ ಅಂದಿದ್ದು ಅಂತಾನ."

"ತಂದರ ನೀ ಇಲ್ಲಿಗೆ ಬಂದುಬಿಡು."

"ಬಂದು? ಅವ್ವನ ಕೂಡ ಕಳೆ ಕೀಳ್ಲಾ?" ಅಂದು ಬಾಚಣಿಗೆಯಿಂದ ತಲೆಗೆ ಕುಟ್ಟಿದಳು.

ದೀಪಾವಳಿ ಕಳೆದ ಮೇಲೆ ಸೊರಬದಿಂದ ಸುದ್ದಿ ಬಂತು. ಅಕ್ಕನಿಗೆ ಮತ್ತೆ ನಿಂತಿದೆ, ಈ ಸಲ ಗಟ್ಟಿಯಾಗಿದೆ, ಐದರಲ್ಲಿ ಬುತ್ತಿ ತರಬಹುದು ಅಂತ. ನಮ್ಮಲ್ಲಿ ಐದನೇ ತಿಂಗಳಿಗೆ ತವರಿನವರು ಬಯಕೆ ಬುತ್ತಿ ಒಯ್ಯಬೇಕು. ಬಸುರಿ ಏನು ಬೇಕು ಅನ್ನುತ್ತಾಳೋ ಅದು ಬುತ್ತಿಯಲ್ಲಿ ಇರಲೇಬೇಕು. ತವರಿನ ಒಲೆಯ ಮೇಲೇ ಆಗಬೇಕು. ಮಾಡಿದವರು ರುಚಿ ನೋಡುವ ಹಾಗಿಲ್ಲ, ಮೊದಲ ತುತ್ತು ಅವಳದೇ. ಅವಳು ತಿಂದ ಮೇಲೆ ಉಳಿದದ್ದನ್ನು ಗಂಡನ ಮನೆಯವರು ಓಣಿಯ ಮುತ್ತೈದೆಯರಿಗೆ ಹಂಚುತ್ತಾರೆ. ಅಕ್ಕ ಕೇಳಿ ಕಳಿಸಿದ್ದು ಮೂರು: ಎಣ್ಣೆಗಾಯಿ, ಮೊಸರು ಬುತ್ತಿ, ಆಮೇಲೆ "ತಂಗಿ ತಂದಿದ್ದ ಆ ಕರೀ ಹಣ್ಣು".

ಅವ್ವನಿಗೆ ಮನಸ್ಸು ಒಪ್ಪಲಿಲ್ಲ.

"ಬಸುರೀಗ ಕರೇದು ಒಯ್ಯಬಾರದೇ. ನೋಡಿದೋರು ಏನಂತಾರ."

"ಆಕಿ ಕೇಳ್ಯಾಳ. ಕೇಳಿದ್ದು ಒಯ್ಯದಿದ್ರ ಏನಂತಾರ?"

ಅವ್ವ ಒಪ್ಪಿದಳು. ಬಯಕೆ ತೀರಿಸದೆ ಬಿಟ್ಟರೆ ಕೂಸಿನ ಕಿವಿ ಸೋರುತ್ತದೆ ಅಂತ ನಂಬುವವಳು ಅವಳು.

ನಾನು ಮನೆಯಮ್ಮನವರನ್ನು ಕೇಳಿದೆ. ಅವರು ಒಂದು ಅಚ್ಚು ಚಾಕಲೇಟು ಹಾಗೇ ಕೊಟ್ಟರು. "ಇಲ್ಲೇ ಮಾಡ್ಕೊಂಡು ಹೋಗೇ, ಎಲ್ಲ ಇದೆ," ಅಂದರು. "ಇಲ್ರೀ ಅಮ್ಮಾರೆ, ನಮ್ಮ ಒಲೀ ಮ್ಯಾಲೇ ಆಗಬೇಕು," ಅಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ. ನೀರಿನ ವಿಷಯ ಮತ್ತೊಮ್ಮೆ ನೆನಪಿಸಿ ಕಳಿಸಿದರು.

ಸಂತೆಯಿಂದ ಯಾಲಕ್ಕಿ ಬಾಳೆಯ ಚಿಪ್ಪು ತಂದೆ. ಅವ್ವ ಒಂದೊಂದೇ ಹಣ್ಣು ತಿರುಗಿಸಿ ನೋಡಿದಳು. ಜೋಡಿ ಹಣ್ಣು ಇದ್ದರೆ ಅವಳಿ ಆಗುತ್ತದಂತೆ, ಎರಡನ್ನು ಆರಿಸಿ ಪಕ್ಕಕ್ಕಿಟ್ಟಳು. "ಪರಂಗಿ ಗಿರಂಗಿ ಅದ್ದೀಯ ಮತ್ತ. ಅನಾನಸು ಅಂತೂ ಬ್ಯಾಡವೇ ಬ್ಯಾಡ," ಅಂದಳು. "ಕಣ್ಣಿಗೆ ಕಾಣಸ್ತಾವಲ್ಲ, ಬಾಳೆಹಣ್ಣು," ಅಂದೆ. ಚಳಿಗಾಲದ ಬಿಸಿಲು ಚೆನ್ನಾಗಿತ್ತು. ಮಾಳಿಗೆಯ ಮೇಲೆ ಮೊರದಲ್ಲಿ ಹರವಿ, ಕಾಗೆ ಮುಟ್ಟದ ಹಾಗೆ ಅವ್ವ ಪಕ್ಕದಲ್ಲೇ ಕೂತಳು. ಆ ದಿನ ಕೂಲಿಗೂ ಹೋಗಲಿಲ್ಲ.

ಅದ್ದುವಾಗ ಅವ್ವ ಒಲೆಯ ಮುಂದೆ ಬಗ್ಗಿ ನೋಡಿ, "ಥೂ, ಬಂಡಿ ಕೀಲೆಣ್ಣಿ ಇದ್ದಂಗೈತಿ," ಅಂದಳು. ಆದರೆ ವಾಸನೆಗೆ ಮೂಗು ಅರಳಿಸಿದಳು. ಇಬ್ಬರ ಬಾಯಲ್ಲೂ ನೀರು. ಬೆರಳಿಗೆ ಅಂಟಿದ್ದನ್ನೂ ನೆಕ್ಕುವ ಹಾಗಿಲ್ಲ. ನಾನು ಕೈಯನ್ನು ಬೂದಿ ಹಾಕಿ ತೊಳೆದುಕೊಂಡೆ. ಎಂಥ ಚಾಕಲೇಟು ಬಚ್ಚಲಿಗೆ ಹೋಯಿತು.

ಕರಗಬಾರದು ಅಂತ ಹೊಸ ಗಡಿಗೆಯಲ್ಲಿ ಎಲೆಯ ಪದರ ಹಾಕಿ ಜೋಡಿಸಿದೆ. ಹೊರಗಿನಿಂದ ಒದ್ದೆ ಬಟ್ಟೆ ಸುತ್ತಿದೆ. ಬಾಯಿಗೆ ಅವ್ವ ಅಕ್ಕನಿಗೆ ಕೊಡುವ ಹಸಿರು ಕುಪ್ಪಸದ ಖಣ ಕಟ್ಟಿ ಅರಿಶಿನ ಕುಂಕುಮ ಇಟ್ಟಳು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು. ಗಡಿಗೆ ನನ್ನ ತೊಡೆಯ ಮೇಲೆ, ರೊಟ್ಟಿಯ ಬುಟ್ಟಿ ಅವ್ವನ ತೊಡೆಯ ಮೇಲೆ.

"ಏನವ್ವ, ಗಡಿಗೀಗೆ ಸೀರಿ ಉಡಿಸೀಯಲ್ಲ, ಹೆಣ್ಣು ಕೂಸೇನು?" ಅಂದ ಕಂಡಕ್ಟರು.

"ಹೂಂ, ನಿನಗ ಕೊಡಾಣಂತ ತಂದೀವಿ. ಮದುವಿ ಆಗೇತೋ ಇಲ್ಲೋ?" ಅಂದಳು ಅವ್ವ.

ಬಸ್ಸೆಲ್ಲ ನಕ್ಕಿತು. ಅವ್ವ ಅಷ್ಟು ಮಾತಾಡುವವಳೇ ಅಲ್ಲ. ಆ ದಿನ ಮಾತಾಡಿದಳು.

ಸೊರಬದಲ್ಲಿ ಅಕ್ಕನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸಿದ್ದರು. ಓಣಿಯ ಹೆಂಗಸರು ಬಂದಿದ್ದರು. ಅವಳ ಅತ್ತೆ ಒಂದೊಂದೇ ಬುತ್ತಿ ಬಿಚ್ಚಿ ತೋರಿಸುತ್ತಿದ್ದಳು. ಎಣ್ಣೆಗಾಯಿಗೆ, ಮೊಸರು ಬುತ್ತಿಗೆ ಎಲ್ಲರೂ ತಲೆದೂಗಿದರು. ಗಡಿಗೆಯ ಖಣ ಬಿಚ್ಚಿ ಒಳಗೆ ನೋಡಿದವಳು ಮತ್ತೆ ಮುಚ್ಚಿದಳು.

"ಎಂತದೇ ಇದು?"

"ಹಣ್ಣು ಅತ್ತೆವ್ವ. ಚಾಕಲೇಟಿನಾಗ ಅದ್ದಿದ್ದು. ಅಕ್ಕ ಕೇಳಿದ್ಲು."

"ಮಾರಾಯ್ತಿ, ಶುಭದ ಹೊತ್ತಲ್ಲಿ ಕರೀದು! ಇದನ್ನ ಹಂಚೂಕೆ ಹೋದ್ರೆ ಓಣಿ ಅನ್ನೋದು ನಗ್ತದೆ." ದನಿ ತಗ್ಗಿಸಿಯೇ ಅಂದಳು. ಗಡಿಗೆಯನ್ನು ಒಳಕೋಣೆಗೆ ಸಾಗಿಸಿದಳು. ಉಳಿದದ್ದನ್ನೆಲ್ಲ ಹಂಚಿದರು. ಅದನ್ನು ಹಂಚಲಿಲ್ಲ. ನಮಗೂ ಅದು ಒಳ್ಳೆಯದೇ ಅನ್ನಿಸಿತು, ಎಲ್ಲ ಅಕ್ಕನಿಗೇ ಉಳಿಯಿತಲ್ಲ ಅಂತ.

ಹೆಂಗಸರು ಹೋದ ಮೇಲೆ ಅಕ್ಕ ನನ್ನನ್ನು ಒಳಕೋಣೆಗೆ ಎಳೆದುಕೊಂಡಳು. ಗಡಿಗೆಗೆ ಕೈ ಹಾಕಿ ಒಂದಾದ ಮೇಲೊಂದು ತಿಂದಳು. ಹಲ್ಲೆಲ್ಲ ಕರ್ರಗೆ.

"ನಿನಗೊಂದು?" ಅಂದಳು.

"ನೀ ತಿನ್ನು. ನನಗೆ ಬಸಿರಾದಾಗ ನೀ ಮಾಡಿಕೊಂಡು ಬಾ."

"ನಿನ್ನನ್ನ ಯಾವನು ಕಟ್ಕೋತಾನೇ," ಅಂದು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ತಡಿ. ಈಗ ಮಿಸುಕ್ತೈತಿ ನೋಡು." ನನಗೆ ಏನೂ ತಿಳಿಯಲಿಲ್ಲ. ತಿಳಿಯಿತು ಅಂದೆ. ಉಳಿದದ್ದನ್ನು ಅಕ್ಕಿಯ ಕಣಜದ ಹಿಂದೆ ಅಡಗಿಸಿಟ್ಟಳು.

ನಾವು ವಾಪಸು ಬಂದು ವಾರ ಕಳೆದಿರಬೇಕು. ಅವ್ವ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಸೊರಬದಿಂದ ಬಂದವನೊಬ್ಬ ಬಾಗಿಲಲ್ಲೇ ನಿಂತು ಹೇಳಿ ಹೋದ. ಮೂರನೆಯದೂ ಹೋಯಿತು. ಗಂಡು ಕೂಸು. ಕೈಕಾಲು ಎಲ್ಲ ಮೂಡಿತ್ತಂತೆ.

ಹೋದೆವು. ಪಡಸಾಲೆಯಲ್ಲಿ ಜನ ಕೂತಿದ್ದರು. ಯಾರೂ ನಮಗೆ ಕಾಲಿಗೆ ನೀರು ಕೊಡಲಿಲ್ಲ. ಅವ್ವ ತಾನೇ ಹೋಗಿ ತಂಬಿಗೆ ತೆಗೆದುಕೊಂಡಳು. ನಾವು ಕೂರುವುದಕ್ಕೆ ಮೊದಲೇ ಅತ್ತೆ ಶುರು ಮಾಡಿದಳು.

"ಬಂದ್ರಾ? ನೋಡ್ರಿ, ನಿಮ್ಮ ಬುತ್ತಿ ಮಾಡಿದ ಕೆಲಸನ."

"ಏನಂತೀಯವ್ವ?" ಅಂದಳು ಅವ್ವ.

"ಮೇಲೆ ಕರೀದು ಬಳ್ದು ಒಳಗೆ ಅನಾನಸು ಇಟ್ಟು ತಂದ್ರಿ. ಸಾಹೇಬರ ಮನೆ ತಿಂಡಿ ಅಂತ ಮೆರೀಬೇಕಿತ್ತು ನಿಮಗೆ. ಅವರಿಗೆಂತ ಗೊತ್ತು ನಮ್ಮ ಬಸುರಿ ಬಾಣಂತಿ?"

ಸೊರಬ, ಬನವಾಸಿ ಕಡೆ ಅನಾನಸು ಹಿತ್ತಲಲ್ಲೇ ಬೆಳೆಯುತ್ತದೆ. ಬಸುರಿ ಅದನ್ನು ಮುಟ್ಟಬಾರದು ಅಂತ ಅಲ್ಲಿನ ಸಣ್ಣ ಹುಡುಗಿಗೂ ಗೊತ್ತು. ನಾವು ಶಿಕಾರಿಪುರದವರು ಅದನ್ನು ತಿಂದದ್ದೇ ಅಪರೂಪ.

"ಬಾಳೆಹಣ್ಣು ಅತ್ತೆವ್ವ. ನಾನೇ ಸುಲಿದು ಒಣಗಿಸೀನಿ. ಅವ್ವ ಮುಂದ ಕೂತಿದ್ಲು," ಅಂದೆ.

"ನೀ ಅಂತೀಯ. ನಾವು ಯಾರು ಒಡೆದು ನೋಡೀವಿ?"

ಅದು ನಿಜ. ಯಾರೂ ಒಡೆದು ನೋಡಿರಲಿಲ್ಲ. ಹಂಚಿದ್ದರೆ ಓಣಿಯ ಐದು ಜನ ಮುತ್ತೈದೆಯರು ಬಾಳೆಹಣ್ಣು ಅಂತ ಹೇಳುತ್ತಿದ್ದರು. ಕರಿ ಅಂತ ಹಂಚಲಿಲ್ಲ. ನಾವು ಮಾಡಿದವರು, ನಮ್ಮ ಮಾತು ಲೆಕ್ಕಕ್ಕಿಲ್ಲ. ಕಣಜದ ಹಿಂದಿಟ್ಟದ್ದೂ ಮುಗಿದಿರಬೇಕು, ತಿಂದವಳು ಒಬ್ಬಳೇ.

ಆ ಮನೆಗೆ ಹಿರಿಯ ಅಂದರೆ ಭಾವನ ದೊಡ್ಡಪ್ಪ. ಕೆಟ್ಟ ಮನುಷ್ಯ ಅಲ್ಲ. ಅಕ್ಕನನ್ನು ಕರೆಸಿದ. ಅವಳು ಕಂಬಳಿ ಹೊದ್ದುಕೊಂಡು ಗೋಡೆ ಹಿಡಿದು ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ. ಭಾವ ಬಾಗಿಲ ಹೊರಗೆ ಚಪ್ಪಲಿಯ ಉಂಗುಷ್ಠ ಸರಿಮಾಡುತ್ತಾ ಕೂತಿದ್ದ. ಸರಿಯಾಗಿದ್ದ ಉಂಗುಷ್ಠವನ್ನೇ ಎಳೆಯುತ್ತಿದ್ದ.

"ನೋಡವ್ವ," ಅಂದ ದೊಡ್ಡಪ್ಪ. "ಇದು ನಿನ್ನ ಹಣೇಬರಹವೋ, ತಿಂದಿದ್ದರ ದೋಷವೋ ಗೊತ್ತಾಗಬೇಕು. ತಿಂದಿದ್ದರ ದೋಷ ಆದ್ರೆ ನಿನ್ನ ತಪ್ಪಿಲ್ಲ, ಮುಂದಿನ ಸಲ ನೋಡೋಣ. ಅಲ್ಲ ಅಂದ್ರೆ ಹೊನ್ನಾಳಿಯೋರಿಗೆ ಮಾತು ಕೊಡಬೇಕಾಗ್ತದೆ. ನೀ ತಿಂದೋಳು. ಒಳಗೆ ಎಂತ ಇತ್ತು?"

ನಾನು ಅಕ್ಕನನ್ನೇ ನೋಡುತ್ತಿದ್ದೆ. ಬಾಳೆಹಣ್ಣು ಅನ್ನುತ್ತಾಳೆ, ಮುಗಿಯಿತು, ಅಂದುಕೊಂಡೆ. ಬಾಳೆಹಣ್ಣು ಅಂದರೆ ಅವಳಿಗೆ ಏನಾಗುತ್ತದೆ ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ.

ಅವಳು ನನ್ನನ್ನು ನೋಡಲಿಲ್ಲ.

"ಬಾಯಿ ಜುಮ್ ಅಂತಿತ್ತು ಮಾವ. ಕೆರೀತಿತ್ತು," ಅಂದಳು.

ಬಾಳೆಹಣ್ಣು ಬಾಯಿ ಕೆರೆಯುವುದಿಲ್ಲ. ಅದು ಅನಾನಸಿನ ಗುಣ. ಪಡಸಾಲೆಯಲ್ಲಿದ್ದವರಿಗೆಲ್ಲ ಗೊತ್ತಾಯಿತು. "ಶಿವನೇ," ಅಂದಳು ಒಬ್ಬ ಹೆಂಗಸು.

ನಾನು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಕಳೆ ಕಿತ್ತ ಕೈ ಅದು. ಬಳೆ ಮುರಿದು ಚರ್ಮಕ್ಕೆ ಚುಚ್ಚಿತು.

"ಆತು," ಅಂದ ದೊಡ್ಡಪ್ಪ. "ಗೊತ್ತಿಲ್ದೆ ಮಾಡಿದ್ದು ಅಂತ ಬಿಡೋಣ. ಆದ್ರೆ ಇನ್ನು ಮೇಲೆ ಈ ಹುಡುಗಿಗೆ ತವರಿನ ಅನ್ನನೀರು ಬ್ಯಾಡ. ಹೋಗಿಬರೋದೂ ಬ್ಯಾಡ."

ಅತ್ತೆ ಅಕ್ಕನ ಹೆಗಲ ಮೇಲೆ ಕಂಬಳಿ ಸರಿಮಾಡಿ ಒಳಗೆ ಕರೆದುಕೊಂಡು ಹೋದಳು. ಅಲ್ಲಿಯ ತನಕ ಅವಳು ಅಕ್ಕನನ್ನು ಅಷ್ಟು ಮೆತ್ತಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಬಸ್ಸಿಗೆ ಕಾಯುವಾಗ ನನಗೆ ಅಳು ಬಂತು. ಸಿಟ್ಟಿಗೆ ಅತ್ತದ್ದು.

"ಸುಳ್ಳು ಹೇಳಿದ್ಲಲ್ಲವ್ವ. ನಿನ್ನ ಮುಂದ, ನನ್ನ ಮುಂದ."

"ಹೇಳಿದ್ಲು."

"ನೀ ಯಾಕ ನನ್ನ ಬಾಯಿ ಮುಚ್ಚಿಸಿದಿ?"

"ನೀ ಬಾಯಿ ಬಿಟ್ಟಿದ್ರ ಇವತ್ತು ಮೂರು ಟಿಕೇಟು ತಗೋಬೇಕಿತ್ತು," ಅಂದಳು ಅವ್ವ. ಶಿಕಾರಿಪುರದಲ್ಲಿ ಬಸ್ಸು ಇಳಿದೆವು. ಮನೆಗೆ ಬಂದವಳೇ ಅವ್ವ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋದಳು. ಆ ಹೊತ್ತಿನಲ್ಲಿ ಹೊಲದಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಹೊನ್ನಾಳಿಯ ಹುಡುಗಿ ಬರಲಿಲ್ಲ. ಅಕ್ಕ ಉಳಿದಳು. ಮುಂದಿನ ಪಂಚಮಿಗೆ ಎಲ್ಲರ ಮನೆಗೂ ಹೆಣ್ಣುಮಕ್ಕಳು ಬಂದರು. ಅವ್ವ ಕರೆಯಲು ಹೋಗಲಿಲ್ಲ, ಅವರು ಕಳಿಸಲಿಲ್ಲ. ಆದರೂ ಉಂಡಿ ಕಟ್ಟಿದಳು. ಬೇಡ ಅಂದರೂ ಕಟ್ಟಿದಳು. ಇಂಜಿನಿಯರಿಗೆ ವರ್ಗವಾಯಿತು. ಹೋಗುವಾಗ ಮನೆಯಮ್ಮ, "ನಿಮ್ಮಕ್ಕ ಇಷ್ಟಪಟ್ಟಳಾ ಆ ಹಣ್ಣು?" ಅಂತ ಕೇಳಿದರು. "ಬಾಳ ಇಷ್ಟಪಟ್ಲ್ರೀ," ಅಂದೆ. ಅದು ಸುಳ್ಳಲ್ಲ. ಚಾಕಲೇಟು ಕೊಡುವವರೂ ಇರಲಿಲ್ಲ, ನಾನು ಮತ್ತೆ ಮಾಡಲೂ ಇಲ್ಲ.

ಅಕ್ಕನಿಗೆ ಆಮೇಲೆ ಒಂದು ನಿಂತು, ಉಳಿದು, ಹುಟ್ಟಿತು. ಗಂಡು. ನಮಗೆ ಹೇಳಿ ಕಳಿಸಲಿಲ್ಲ, ಶಿರಾಳಕೊಪ್ಪದ ಸಂತೆಯಲ್ಲಿ ಯಾರೋ ಹೇಳಿದರು. ಅವ್ವ ಕುಲಾವಿ ಹೊಲಿದಳು. ಒಯ್ಯುವವರು ಯಾರು? ಅದು ಪೆಟ್ಟಿಗೆಯಲ್ಲೇ ಉಳಿಯಿತು.

ಮಾರನೇ ವರ್ಷ ಶ್ರಾವಣ ಸೋಮವಾರ ನಾನು ಪಕ್ಕದ ಮನೆಯವರ ಬಂಡಿಯಲ್ಲಿ ತೊಗರ್ಸಿಯ ಮಲ್ಲಿಕಾರ್ಜುನನಿಗೆ ಹೋದೆ. ಅವ್ವನಿಗೆ ಕಾಲುನೋವು, ಬರಲಿಲ್ಲ. ಪೂಜೆ ಮುಗಿಸಿ ಹೊರಗೆ ಬರುವಾಗ ಕಲ್ಲುಕಟ್ಟೆಯ ಹತ್ತಿರ ಅಕ್ಕ ನಿಂತಿದ್ದಳು. ಜೊತೆಗೆ ಸೊರಬದ ಯಾರೋ ಇಬ್ಬರು ಹೆಂಗಸರು. ನಾನು ಅವರನ್ನು ಕಂಡವಳಲ್ಲ. ಅತ್ತೆ ಇರಲಿಲ್ಲ. ಅಕ್ಕ ಮೈ ತುಂಬಿಕೊಂಡಿದ್ದಳು, ಕೆನ್ನೆ ಬಂದಿತ್ತು. ಕಂಕುಳಲ್ಲಿ ಮಗು.

ನನ್ನನ್ನು ಕಂಡಳು. ನಾನು ಹತ್ತಿರ ಹೋದೆ. ಮಗುವಿನ ಮುಖ ನನಗೆ ಕಾಣುವ ಮೊದಲೇ ಅವಳು ಸೆರಗನ್ನು ಎಳೆದು ಅದರ ಮೇಲೆ ಹಾಕಿದಳು. ಬಿಸಿಲಿರಲಿಲ್ಲ, ಮೋಡ ಕವಿದ ದಿನ. ದೃಷ್ಟಿ ತಾಗೀತು ಅಂತ ನಮ್ಮ ಹೆಂಗಸರು ಹಾಗೆ ಮುಚ್ಚುತ್ತಾರೆ. ಕಂಡಕಂಡವರಿಗೆ ಮುಚ್ಚುವುದಿಲ್ಲ, ಹೆದರಿಕೆ ಇದ್ದವರಿಗೆ ಮುಚ್ಚುತ್ತಾರೆ. ಹೇಳಿ ಹೇಳಿ ತನ್ನ ಸುಳ್ಳನ್ನು ತಾನೇ ನಂಬಿದ್ದಳೋ, ಜೊತೆಯವರು ಊರಿಗೆ ಹೋಗಿ ಹೇಳುತ್ತಾರೆ ಅಂತ ಮಾಡಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಯಾರೇ ಇವರು?" ಅಂತ ಒಬ್ಬಳು ಕೇಳಿದಳು.

"ನಮ್ಮ ಊರಿನ ಕಡೆಯೋರು," ಅಂದಳು ಅಕ್ಕ.

ನಾನು ಏನು ಅನ್ನಬಹುದಿತ್ತು? "ಹೂಂ ಕಣ್ರೀ, ಅದೇ ಓಣಿ," ಅಂದೆ.

"ಮನೇಲಿ ಎಲ್ಲಾ ಹುಷಾರಾ?" ಅಂತ ಕೇಳಿದಳು. ದನಿ ಸೊರಬದ್ದಾಗಿತ್ತು.

"ಹುಷಾರು. ಅವ್ವಗೊಂದು ಕಾಲುನೋವು."

"ಎಳ್ಳೆಣ್ಣೆ ಹಚ್ಚೂಕೆ ಹೇಳು," ಅಂದಳು. ಸೆರಗಿನೊಳಗೆ ಮಗು ಕೈಕಾಲು ಬಡಿಯುತ್ತಿತ್ತು. ಒಂದು ಪಾದ ಹೊರಗೆ ಬಂತು. ಅದನ್ನೂ ಒಳಗೆ ಸೇರಿಸಿದಳು. ಜೊತೆಯವರು ಹೊತ್ತಾಯಿತು ಅಂದರು. ಹೋದಳು. ತಿರುಗಿ ನೋಡುತ್ತಾಳೆ ಅಂತ ನಿಂತಿದ್ದೆ. ನೋಡಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಬಾರದು ಅಂದುಕೊಂಡಿದ್ದೆ, ಅಕ್ಕ ಸಿಕ್ಕಿದ್ದಳು ಅಂತ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಮೈ ಹೆಂಗೈತಿ, ಕೊರಳಾಗ ಏನು ಹಾಕಿದ್ಲು, ಯಾರ ಕೂಡ ಬಂದಿದ್ಲು, ಎಲ್ಲ ಕೇಳಿದಳು. ಎಲ್ಲಕ್ಕೂ ಇದ್ದದ್ದನ್ನೇ ಹೇಳಿದೆ.

"ಕೂಸು ಯಾರ ಹಂಗೈತೇ?" ಅಂದಳು.

"ನಿನ್ನ ಹಂಗ," ಅಂದೆ.